ಹಳೆಯ ಬ್ಯಾಗಟೆಲ್ ಹಲಗೆಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ನಮ್ಮ ಜನರಿಗೆ ದೇವಾಲಯಗಳ ಸಂಬಂಧದಲ್ಲಿಯೇ ಹೆಚ್ಚಾಗಿ ಪರಿಚಿತವಾದುದು. ಸೋರುವ ಗರ್ಭಗೃಹವನ್ನೋ ಶಿಥಿಲವಾದ ಗೋಪುರವನ್ನೋ ಸರಿಪಡಿಸಲು ಹೊರಟಾಗ ಊರಿನ ಹಿರಿಯರು ಆ ಮಾತನ್ನು ಕರಪತ್ರದಲ್ಲಿ ಅಚ್ಚು ಹಾಕಿಸುತ್ತಾರೆ. ಶಬ್ದವನ್ನು ಬಿಡಿಸಿ ನೋಡಿದರೆ ಅದರ ಅರ್ಥವು ಸರಳವಾದುದು: ಜೀರ್ಣವಾದುದನ್ನು ಮೇಲಕ್ಕೆತ್ತುವುದು. ಎತ್ತುವುದೆಂದರೆ ಇದ್ದ ವಸ್ತುವನ್ನೇ ಎತ್ತುವುದು. ಅದನ್ನು ಕೆಡವಿ ಅದೇ ಜಾಗದಲ್ಲಿ ಮತ್ತೊಂದನ್ನು ಕಟ್ಟಿದರೆ ಅದು ನವನಿರ್ಮಾಣವಾಯಿತೇ ಹೊರತು ಉದ್ಧಾರವಾಗಲಿಲ್ಲ. ಈ ಎರಡಕ್ಕಿರುವ ಭೇದವನ್ನು ದೇವಾಲಯದ ವಿಷಯದಲ್ಲಿ ಬಲ್ಲ ಗೃಹಸ್ಥರೇ ತಮ್ಮ ಮನೆಯ ವಸ್ತುಗಳ ವಿಷಯದಲ್ಲಿ ಮರೆತುಬಿಡುವುದುಂಟು. ಅಜ್ಜನ ಕಾಲದ ತೊಟ್ಟಿಲು, ಅಜ್ಜಿಯ ಅಳಗುಳಿಮಣೆ, ತಂದೆಯವರ ಬರವಣಿಗೆಯ ಪೆಟ್ಟಿಗೆ, ಇವುಗಳ ಬಣ್ಣವು ಮಾಸಿತೆಂದರೆ ಸಾಕು, ಒಂದು ಡಬ್ಬಿ ಎನಾಮಲ್ ತಂದು ಬಳಿದು, ಮನೆಗೆ ಶೋಭೆ ಬಂದಿತೆಂದು ಸಂತೋಷಪಡುತ್ತೇವೆ. ಬಂದ ಶೋಭೆ ಎಷ್ಟು, ಹೋದ ಸಂಪತ್ತು ಎಷ್ಟು ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ.

ಈ ಲೇಖನದಲ್ಲಿ ಅಂಥ ಒಂದೇ ವಸ್ತುವನ್ನು ಉದಾಹರಣೆಯಾಗಿ ತೆಗೆದುಕೊಂಡು, ಹಳೆಯ ಬಣ್ಣದ ಮರದ ಸಾಮಾನನ್ನು ಹೇಗೆ ಉದ್ಧರಿಸಬೇಕು, ಏನನ್ನು ಮುಟ್ಟಬಾರದು, ಯಾವ ಅಪಾಯದಿಂದ ಮಕ್ಕಳನ್ನು ಕಾಯಬೇಕು ಎಂಬುದನ್ನು ನಿವೇದಿಸಲು ಉದ್ದೇಶಿಸಿದ್ದೇನೆ. ಆ ವಸ್ತುವೇ ಬ್ಯಾಗಟೆಲ್ ಹಲಗೆ.

ಆಟದ ಪೂರ್ವೋತ್ತರ

ಮೂವತ್ತರ ಒಳಗಿನ ವಾಚಕರಲ್ಲಿ ಅನೇಕರು ಇದನ್ನು ಕಂಡಿರಲಾರರು. ಸುಮಾರು ಒಂದು ಮಾರುದ್ದಕ್ಕೆ ಕಡಮೆಯಿರುವ ಹಲಗೆ. ಮೇಲ್ತುದಿಯು ಅರ್ಧಚಂದ್ರದಂತೆ ಬಾಗಿರುವುದು. ಸುತ್ತಲೂ ಒಂದು ಬೆರಳೆತ್ತರದ ಕಟ್ಟು. ಒಳಗೆ ಸಣ್ಣ ಮೊಳೆಗಳನ್ನು ಬೇಲಿಯಂತೆಯೂ ಗೂಡಿನಂತೆಯೂ ಸಾಲಾಗಿ ಹೊಡೆದಿರುತ್ತಾರೆ. ಬಲಗಡೆಯ ಓಣಿಯಲ್ಲಿ ಗೋಲಿಯನ್ನಿಟ್ಟು, ಸ್ಪ್ರಿಂಗಿನ ಕಡ್ಡಿಯನ್ನು ಎಳೆದು ಬಿಟ್ಟರೆ, ಗೋಲಿಯು ಮೇಲೆ ಸುತ್ತಿ ಬಂದು, ಮೊಳೆಯಿಂದ ಮೊಳೆಗೆ ತಾಕುತ್ತ, ಯಾವುದಾದರೊಂದು ಗೂಡಿನಲ್ಲಿ ನಿಲ್ಲುವುದು. ಗೂಡಿಗೆ ತಕ್ಕಂತೆ ಅಂಕ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಈ ನಾಲ್ಕು ಕಡೆಗಳಲ್ಲಿಯೂ ನಾನು ಉಪಾಧ್ಯಾಯನಾಗಿ ಸುತ್ತಿದವನು. ಬೇಸಗೆಯ ರಜೆಯಲ್ಲಿ ಬಿಸಿಲಿಗೆ ಹೆದರಿ ಮಕ್ಕಳನ್ನು ಒಳಗೆ ಕೂಡಿಹಾಕುವ ಮನೆಗಳಲ್ಲಿ ಚೌಕಾಬಾರ, ಕೇರಂಗಳ ಜೊತೆಗೆ ಈ ಹಲಗೆಯೂ ಇರುತ್ತಿದ್ದುದನ್ನು ನೋಡಿದ್ದೇನೆ. ಈಗ ಅವು ಅಟ್ಟ ಸೇರಿವೆ.

ಆಟದ ಮೂಲವು ಹದಿನೆಂಟನೆಯ ಶತಮಾನದ ಫ್ರಾನ್ಸ್ ದೇಶ. ಆಗ ಗೋಲಿಯನ್ನು ಕೋಲಿನಿಂದ ತಳ್ಳುತ್ತಿದ್ದರು. 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬಾತನು ಕೋಲಿಗೆ ಬದಲಾಗಿ ಸ್ಪ್ರಿಂಗಿನ ಕಡ್ಡಿಯನ್ನು ಅಳವಡಿಸಿ ಹಕ್ಕುಪತ್ರ ಪಡೆದನು. ಅದೇ ಮುಂದೆ ನಾಣ್ಯ ಹಾಕಿ ಆಡುವ ಪಿನ್‌ಬಾಲ್ ಯಂತ್ರವಾಗಿ ಬೆಳೆಯಿತು. 1931ರಲ್ಲಿ ಡೇವಿಡ್ ಗಾಟ್‌ಲೀಬ್ ಹೊರತಂದ ‘ಬ್ಯಾಫಲ್ ಬಾಲ್’ ಬಹಳ ಪ್ರಸಿದ್ಧವಾಯಿತು; 1947ರಲ್ಲಿ ಅದೇ ಸಂಸ್ಥೆಯ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರದಲ್ಲಿ ಗೋಲಿಯನ್ನು ಮತ್ತೆ ಮೇಲಕ್ಕೆ ಹೊಡೆಯುವ ಸಣ್ಣ ರೆಕ್ಕೆಗಳು ಬಂದವು. ಅದಕ್ಕೆ ಮೊದಲು ಗೋಲಿಯ ಗತಿಯು ಬಹುಮಟ್ಟಿಗೆ ಅದೃಷ್ಟಾಧೀನವಾಗಿದ್ದುದರಿಂದ ಇದು ಜೂಜೆಂದು ಬಗೆದು ನ್ಯೂಯಾರ್ಕ್ ನಗರದವರು 1942ರಲ್ಲಿ ಇದನ್ನು ನಿಷೇಧಿಸಿದರು. ಆ ನಿಷೇಧವು 1976ರವರೆಗೂ ಇದ್ದಿತು. ಈಗ ಆ ದೇಶದಲ್ಲಿ ಹಳೆಯ ಯಂತ್ರಗಳ ಪೆಟ್ಟಿಗೆಗಳನ್ನು ಹುಡುಕಿ ತಂದು, ಅವುಗಳ ಚಿತ್ರ ಬಣ್ಣಗಳನ್ನು ಮೊದಲಿನಂತೆ ಮಾಡುವುದೇ ಒಂದು ವಿದ್ಯೆಯಾಗಿದೆ. ಅಂಥ ಪೆಟ್ಟಿಗೆಗಳ ಮೇಲಿನ ಚಿತ್ರಗಳನ್ನು ಕತ್ತರಿಸಿದ ಅಚ್ಚುಹಾಳೆಯನ್ನಿಟ್ಟು, ಎರಡು ಮೂರು ಬಣ್ಣಗಳನ್ನು ಒಂದರ ಮೇಲೊಂದು ಸಿಂಪಡಿಸಿ ಮಾಡುತ್ತಿದ್ದರು. ಆದುದರಿಂದ ಆ ವಿದ್ಯೆಯನ್ನು ಬಲ್ಲವರು ಮೊದಲು ಮಾಡುವ ಕೆಲಸವು ಬಣ್ಣ ಬಳಿಯುವುದಲ್ಲ, ಹಳೆಯ ಚಿತ್ರದ ನಕಲು ತೆಗೆಯುವುದು.

ಆಟದ ಹಲಗೆಯನ್ನು ಕಲಾವಸ್ತುವಾಗಿ ಕಾಣುವುದು ನಮಗೆ ಹೊಸತೇನೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿಯೂ ಗಂಜೀಫಾ ಎಲೆಗಳಲ್ಲಿಯೂ ಅಪಾರ ಆಸಕ್ತಿಯುಳ್ಳವರಾಗಿದ್ದರು. ಅವರ ಹೆಸರಿನ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವೇ ಇದೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಕಾಲದ ಆಟಗಳ ಚಿತ್ರಗಳಿವೆ. ಅರಸರ ಮಣೆಗೆ ಇರುವ ಮರ್ಯಾದೆಯು ಸಾಮಾನ್ಯ ಗೃಹಸ್ಥನ ಮಣೆಗೆ ಏಕಿರಬಾರದು?

ಏನನ್ನು ಉಳಿಸಬೇಕು?

ನಮ್ಮ ಮನೆಯಲ್ಲಿರುವ ಹಲಗೆಯು ಮಧುಗಿರಿಯ ಒಬ್ಬ ಬಡಗಿ 1970ರ ದಶಕದಲ್ಲಿ ಮಾಡಿಕೊಟ್ಟುದು. ಬಣ್ಣವನ್ನು ನಮ್ಮ ತಂದೆಯವರೇ ಬಳಿದಿದ್ದರು: ಹಸಿರು ಮೈ, ಕೆಂಪು ಅಂಚು, ಗೂಡುಗಳ ಮೇಲೆ ಹಳದಿಯಲ್ಲಿ ಕನ್ನಡದ ಅಂಕಿಗಳು. ಹತ್ತು, ಇಪ್ಪತ್ತೈದು, ಐವತ್ತು, ನೂರು. ಅಡುಗೆಮನೆಯ ಅಟ್ಟದಲ್ಲಿ ಬಹುಕಾಲ ಹೊಗೆ ಕುಡಿದು ಅದು ಕಪ್ಪಾಗಿದ್ದಿತು. ನಾಲ್ಕು ವರ್ಷದ ಮೊಮ್ಮಗಳು ಅದನ್ನು ಕೆಳಗಿಳಿಸಬೇಕೆಂದು ಹಟ ಹಿಡಿದಳು. ಸಡಿಲವಾದ ಕಟ್ಟನ್ನು ಕೂಡಿಸಲು ಬಂದ ಕೊರಟಗೆರೆ ಕಡೆಯ ಬಡಗಿ ಅದನ್ನು ಒಂದು ಸಲ ನೋಡಿ, “ಮೇಷ್ಟ್ರೇ, ಇದ್ರಲ್ಲೇನೈತೆ? ಪೂರಾ ಕೆರೆದು ಎರಡು ಕೋಟು ಎನಾಮಲ್ ಹೊಡೆದ್ರೆ ಹೊಸದಾಗ್ತೈತೆ. ಮಧ್ಯಾಹ್ನದೊಳಗೆ ಮುಗಿಸಿಕೊಡ್ತೀನಿ” ಎಂದನು.

“ಹೊಸದು ಆಗುವುದು ಬೇಡ ಆಚಾರ್ರೇ, ಇದೇ ಉಳಿಯಬೇಕು” ಎಂದೆ.

ಅವನು ನಕ್ಕು ಹಲಗೆಯನ್ನು ಮಗುಚಿದನು. ಹಿಂಭಾಗದ ಬಣ್ಣವಿಲ್ಲದ ಮರದ ಮೇಲೆ ಪೆನ್ಸಿಲಿನಲ್ಲಿ ಮನೆಯವರೆಲ್ಲರ ಹೆಸರುಗಳೂ ಅವರವರ ಹೆಚ್ಚಿನ ಅಂಕಗಳೂ ಇದ್ದುವು. ಎಲ್ಲಕ್ಕಿಂತ ಮೇಲೆ ನನ್ನ ತಾಯಿಯ ಹೆಸರು, ಅದರ ಮುಂದೆ 640. ಅದನ್ನು ಮೀರಿಸಿದವರು ನಮ್ಮಲ್ಲಿ ಯಾರೂ ಇಲ್ಲ.

“ಇದು ಅಮ್ಮಾವ್ರ ಕೈಬರಹಾನಾ?” ಎಂದು ಕೇಳಿದನು. ಹೌದೆಂದೆ. “ಹಂಗಾದ್ರೆ ಹಿಂದ್ಗಡೆ ನಾನು ಮುಟ್ಟಂಗಿಲ್ಲ ಬಿಡಿ” ಎಂದು ತಾನಾಗಿಯೇ ಉಪ್ಪುಕಾಗದವನ್ನು ಚೀಲಕ್ಕೆ ಹಾಕಿಕೊಂಡನು.

ಇದನ್ನು ಹೇಳಿದುದು ಸ್ವಂತ ಪ್ರತಾಪಕ್ಕಾಗಿ ಅಲ್ಲ. ಹಳೆಯ ವಸ್ತುವಿನಲ್ಲಿ ಮರ ಬಣ್ಣಗಳಲ್ಲದೆ ಮೂರನೆಯದೊಂದು ಇರುತ್ತದೆ. ಅದೇ ಅದನ್ನು ಬಳಸಿದವರ ಗುರುತು. ಮರ ಅಂಗಡಿಯಲ್ಲಿ ಸಿಕ್ಕುವುದು, ಬಣ್ಣವೂ ಸಿಕ್ಕುವುದು, ಗುರುತು ಸಿಕ್ಕುವುದಿಲ್ಲ. ಆದುದರಿಂದ ಕೆಲಸಕ್ಕೆ ಮೊದಲು ಒಂದು ಪಟ್ಟಿಯನ್ನು ಮಾಡಿಕೊಳ್ಳುವುದು ಉತ್ತಮ: ಯಾವುದು ಕೊಳೆ, ಯಾವುದು ಕೊರತೆ, ಯಾವುದು ಗುರುತು? ಕೊಳೆಯನ್ನು ತೆಗೆಯಬೇಕು, ಕೊರತೆಯನ್ನು ತುಂಬಬೇಕು, ಗುರುತನ್ನು ಬಿಡಬೇಕು. ವಿದ್ಯೆಯೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಹಳೆಯ ಬಣ್ಣದ ವಿಷ

ಗುರುತನ್ನು ಉಳಿಸಬೇಕೆಂಬುದು ಮನಸ್ಸಿನ ಮಾತಾಯಿತು. ಹಳೆಯ ಬಣ್ಣವನ್ನು ಒಣಗಿದಂತೆಯೇ ಕೆರೆಯಬಾರದೆಂಬುದಕ್ಕೆ ಇನ್ನೂ ಬಲವಾದ ಕಾರಣವೊಂದು ಇದೆ. ಅದು ಪ್ರಾಣಕ್ಕೆ ಸಂಬಂಧಪಟ್ಟುದು.

ಅಮರಕೋಶದಲ್ಲಿ ಸಿಂದೂರಕ್ಕೆ ‘ನಾಗಸಂಭವ’ವೆಂಬ ಹೆಸರಿದೆ. ಇಲ್ಲಿ ನಾಗವೆಂದರೆ ಹಾವಲ್ಲ, ಸೀಸ. ಸೀಸವನ್ನು ಸುಟ್ಟು ಮಾಡಿದ ಕೆಂಪು ಬಣ್ಣವೇ ಅದು. ಹಾಗೆಯೇ ಬಿಳಿಯ ಬಣ್ಣಕ್ಕೆ ಬಿಳಿ ಸೀಸ, ಹೊಳೆಯುವ ಹಳದಿಗೆ ಸೀಸದ ಕ್ರೋಮ್ ಇವುಗಳನ್ನು ಎಣ್ಣೆಬಣ್ಣಗಳಲ್ಲಿ ಬಹುಕಾಲ ಸೇರಿಸುತ್ತಿದ್ದರು. ಬಣ್ಣ ಬೇಗ ಒಣಗಲೆಂದು ಹಾಕುತ್ತಿದ್ದ ದ್ರವ್ಯಗಳಲ್ಲಿಯೂ ಸೀಸವಿರುತ್ತಿತ್ತು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಕಲಿಯುವ ಶಕ್ತಿ, ಗಮನ, ಇವು ತಗ್ಗುತ್ತವೆ. ಆದ ಹಾನಿಯು ಹಿಂದಿರುಗಿ ಬರುವಂಥದಲ್ಲ. ಇಷ್ಟು ಪ್ರಮಾಣವಾದರೆ ಬಾಧಕವಿಲ್ಲವೆಂದು ಹೇಳಬಹುದಾದ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸ್ಪಷ್ಟವಾಗಿ ಸಾರಿದೆ. ನಲವತ್ತು ವರ್ಷ ತರಗತಿಯ ಮುಂದೆ ನಿಂತವನಿಗೆ ಈ ಮಾತು ಎಷ್ಟು ನೋವನ್ನು ಕೊಡುವುದೆಂಬುದನ್ನು ವಾಚಕರು ಊಹಿಸಬಹುದು. ದಡ್ಡನೆಂದು ಹಿಂದಿನ ಬೆಂಚಿಗೆ ಕಳುಹಿಸಲ್ಪಟ್ಟ ಮಗುವಿನ ತಪ್ಪು ಕೆಲವೊಮ್ಮೆ ಮಗುವಿನದಾಗಿರದೆ ಗೋಡೆಯ ಬಣ್ಣದ್ದಾಗಿದ್ದಿರಬಹುದು.

ಈ ವಿಷಯವನ್ನು ನಮ್ಮ ದೇಶದ ಗಮನಕ್ಕೆ ತಂದ ಕೆಲಸವು ಹೆಚ್ಚಾಗಿ ಕರ್ಣಾಟಕದಲ್ಲಿಯೇ ನಡೆಯಿತೆಂಬುದು ನಮಗೆ ಹೆಮ್ಮೆಯ ಸಂಗತಿ. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ಜಾರ್ಜ್ ಪ್ರತಿಷ್ಠಾನದ ವತಿಯಿಂದ ಸೇರಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿದ್ದ ತುಪ್ಪಿಲ್ ವೆಂಕಟೇಶ ಅವರು ಈ ವಿಷಯಕ್ಕಾಗಿ ದೀರ್ಘಕಾಲ ದುಡಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸವು ಹೋಯಿತು. ಬಣ್ಣದ ಸರದಿ ತಡವಾಗಿ ಬಂದಿತು: 2016ರ ನಿಯಮದಂತೆ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು, 2017ರ ನವೆಂಬರ್ 1ರಿಂದ ಇದು ಜಾರಿಗೆ ಬಂದಿತು. ಹೊಸ ಆಟಿಕೆಗಳಿಗೆ 2021ರ ಜನವರಿಯಿಂದ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವಾಗಿದೆ. ಆದರೆ ಅಟ್ಟದ ಮೇಲಿರುವ ಆಟಿಕೆಯು ಈ ಕಟ್ಟಳೆಗಳಿಗಿಂತ ಮೊದಲೇ ಹುಟ್ಟಿದುದು.

ಕಣ್ಣಿನಿಂದ ನೋಡಿ ಬಣ್ಣದಲ್ಲಿ ಸೀಸವಿದೆಯೋ ಇಲ್ಲವೋ ಎಂದು ಹೇಳಲಾಗುವುದಿಲ್ಲ. ಆದುದರಿಂದ ಹಳೆಯ ಎಣ್ಣೆಬಣ್ಣವೆಲ್ಲ ಸೀಸವುಳ್ಳುದೆಂದೇ ತಿಳಿದು ನಡೆಯುವುದು ಕ್ಷೇಮ. ಒಣ ಉಪ್ಪುಕಾಗದದಿಂದ ತಿಕ್ಕಬಾರದು. ಬೆಂಕಿ ತೋರಿಸಿ ಸುಡಬಾರದು. ತಿಕ್ಕಲೇಬೇಕಾದ ಸ್ಥಳವನ್ನು ನೀರು ತಾಗಿಸಿ, ನೀರಿಗೆ ತಡೆಯುವ ಕಾಗದದಿಂದ ತಿಕ್ಕಬೇಕು. ಕೆಲಸವು ಅಂಗಳದಲ್ಲಿ, ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ನಡೆಯಲಿ. ಮಕ್ಕಳೂ ಗರ್ಭಿಣಿಯರೂ ಹತ್ತಿರ ಬರಬಾರದು. ಬಟ್ಟೆಯ ಮುಸುಕು ಸಾಲದು. ಎನ್-95 ಮಾದರಿಯ ಮುಸುಕು ಬೇಕು. ಬಿದ್ದ ರಜವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ, ಹಾಳೆಯ ಸಮೇತ ಮಡಚಿ ಕಟ್ಟಿ, ಒಲೆಗೂ ತಿಪ್ಪೆಗೂ ಹಾಕದೆ ಪ್ರತ್ಯೇಕವಾಗಿ ಕಸದವರಿಗೆ ಹೇಳಿ ಕೊಡಬೇಕು. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ಕೆಲಸದ ಕ್ರಮ

ಮೊದಲನೆಯದು ನಕಲು. ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಎಲ್ಲ ಕಡೆಗಳಿಂದಲೂ ಚಿತ್ರ ತೆಗೆಯಿರಿ. ಅಂಕಿಗಳ ಮೇಲೆ ಪಾರದರ್ಶಕ ಕಾಗದವನ್ನಿಟ್ಟು ಗೆರೆ ಎಳೆದುಕೊಳ್ಳಿರಿ. ಮೊಳೆಗಳ ಮೇಲೆ ದಪ್ಪ ಕಾಗದವನ್ನು ಇಟ್ಟು ಮೆಲ್ಲಗೆ ಒತ್ತಿದರೆ ಪ್ರತಿಯೊಂದು ಮೊಳೆಯ ಸ್ಥಾನವೂ ಅದರಲ್ಲಿ ಮೂಡುವುದು. ಈ ಆಟದಲ್ಲಿ ಮೊಳೆಯೇ ನಿಯಮ. ಒಂದು ಮೊಳೆ ಅರ್ಧ ಬೆರಳು ಸರಿದರೆ ಗೋಲಿಯ ಗತಿಯೇ ಬೇರೆ. ತುಕ್ಕು ಹಿಡಿದ ಮೊಳೆಯನ್ನು ಕೀಳದೆ, ಎಣ್ಣೆ ಸೋಕಿದ ಬಟ್ಟೆಯಿಂದ ಒರಸಿದರೆ ಸಾಮಾನ್ಯವಾಗಿ ಸಾಕಾಗುವುದು.

ಎರಡನೆಯದು ಪರೀಕ್ಷೆ. ಮರದಿಂದ ಹೊಸದಾಗಿ ಪುಡಿ ಉದುರುತ್ತಿದ್ದರೆ ಕುಟ್ಟೆಹುಳು ಬದುಕಿದೆಯೆಂದು ಅರ್ಥ. ಹಾಗಿದ್ದರೆ ಮರದ ಹುಳುವಿನ ಔಷಧವನ್ನು ಸಿರಿಂಜಿನಿಂದ ತೂತುಗಳಿಗೆ ಬಿಟ್ಟು, ಕೆಲವು ದಿನಗಳ ಮೇಲೆ ಮೇಣದಿಂದ ಮುಚ್ಚಬೇಕು. ಮೇಲಿನ ಲೇಪವು ಯಾವುದೆಂದು ತಿಳಿಯಲು ಕಾಣದ ಮೂಲೆಯಲ್ಲಿ ಒಂದು ತೊಟ್ಟು ಸ್ಪಿರಿಟ್ ಹಾಕಿರಿ. ಮೆತ್ತಗಾಗಿ ಅಂಟಿದರೆ ಅದು ಅರಗಿನ ಪಾಲಿಶ್, ಏನೂ ಆಗದಿದ್ದರೆ ಎಣ್ಣೆಬಣ್ಣ.

ಮೂರನೆಯದು ಶುದ್ಧಿ. ಬಣ್ಣ ಕೆಟ್ಟಿತೆಂದು ನಾವು ತಿಳಿಯುವುದರಲ್ಲಿ ಬಹುಪಾಲು ಹೊಗೆಯ ಮಸಿ ಮತ್ತು ಎಣ್ಣೆಯ ಜಿಡ್ಡು. ಅಂಟುವಾಳದ ತಿಳಿನೀರಿನಲ್ಲಿ ಹತ್ತಿಯನ್ನು ಅದ್ದಿ ಚೆನ್ನಾಗಿ ಹಿಂಡಿ, ಅಂಗೈಯಗಲದಷ್ಟು ಸ್ಥಳವನ್ನು ಒರಸಿ, ಕೂಡಲೆ ಒಣಬಟ್ಟೆಯಿಂದ ಒತ್ತಬೇಕು. ಹತ್ತಿಗೆ ಮಸಿಯ ಬದಲು ಬಣ್ಣವೇ ಹತ್ತಿದರೆ ಅಲ್ಲಿಗೇ ನಿಲ್ಲಿಸಿರಿ. ನಮ್ಮ ಹಲಗೆಯಲ್ಲಿ ಈ ಒಂದು ಕೆಲಸದಿಂದಲೇ ಹಸಿರೂ ಹಳದಿಯೂ ಹೊರಗೆ ಬಂದುವು. ಬಣ್ಣ ಹೋಗಿದ್ದುದು ಒಟ್ಟಿನಲ್ಲಿ ಒಂದು ಅಂಗೈಯಷ್ಟು ಮಾತ್ರ.

ನಾಲ್ಕನೆಯದು ಮರದ ಕೆಲಸ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಮರವು ಸೆಡೆತು ಕೂಡುಗಳು ಬಿಡುತ್ತವೆ. ಹಳೆಯ ಬಡಗಿಗಳು ಬಳಸುತ್ತಿದ್ದ, ತೊಗಲು ಮೂಳೆಗಳನ್ನು ಕಾಯಿಸಿ ಮಾಡಿದ ಅಂಟು ಬಿಸಿನೀರಿಗೆ ಸಡಿಲಾಗುತ್ತದೆ. ಆದುದರಿಂದ ಕೂಡನ್ನು ಒಡೆಯದೆ ಬಿಡಿಸಿ ಮತ್ತೆ ಕೂಡಿಸಬಹುದು. ಸೀಳುಗಳನ್ನು ತುಂಬುವುದಕ್ಕೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ವಿದ್ಯೆಯನ್ನು ನೆನೆಯಬೇಕು. ಅವರು ಮರದ ಗೊಂಬೆಗಳಿಗೆ ಬಣ್ಣ ಹಾಕುವ ಮೊದಲು ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟನ್ನು ಕಲಸಿದ ಲೇಪವನ್ನು ಮೆತ್ತುತ್ತಾರೆ. ಪಾವಗಡ, ಶಿರಾ, ಮಧುಗಿರಿಗಳಲ್ಲಿ ಹುಣಸೆಗೆ ಕೊರತೆಯೇನು? ಬೀಜವನ್ನು ಹುರಿದು ಸಿಪ್ಪೆ ತೆಗೆದು ನೆನೆಸಿ ಅರೆದು ಕಾಯಿಸಿದರೆ ಸಣ್ಣ ಸೀಳಿಗೆ ಸಾಕಾದಷ್ಟು ಅಂಟು ದೊರೆಯುವುದು.

ಐದನೆಯದು ಬಣ್ಣ. ಬಣ್ಣ ಹೋದ ಕಡೆಗೆ ಮಾತ್ರ ಬಣ್ಣ. ಮೊದಲು ಆ ಸ್ಥಳಕ್ಕೆ ಅರಗಿನ ತೆಳುವಾದ ಒಂದು ಲೇಪವನ್ನು ಕೊಟ್ಟರೆ, ಮುಂದೆ ಯಾರಾದರೂ ನಮ್ಮ ಕೆಲಸವನ್ನು ತೆಗೆಯಬೇಕೆಂದರೆ ಹಳೆಯದಕ್ಕೆ ನೋವಾಗದಂತೆ ತೆಗೆಯಬಹುದು. ಸೀಸವಿಲ್ಲವೆಂದು ಡಬ್ಬಿಯ ಮೇಲೆ ಬರೆದಿರುವ ಬಣ್ಣವನ್ನೇ ಕೊಳ್ಳಿರಿ. ಹಳೆಯ ಬಣ್ಣಕ್ಕೆ ಸರಿಹೊಂದಿಸುವಾಗ ಡಬ್ಬಿಯ ಹಸಿರು ಎಂದಿಗೂ ಹೊಂದುವುದಿಲ್ಲ. ಸ್ವಲ್ಪ ಕಾವಿ, ಸ್ವಲ್ಪ ಹಳದಿ ಬೆರೆಸಿ, ಕಾಗದದ ಮೇಲೆ ಒಣಗಿಸಿ ನೋಡಿ ಹಚ್ಚಬೇಕು. ತೆಳುವಾದ ಎರಡು ಲೇಪಗಳು ದಪ್ಪವಾದ ಒಂದು ಲೇಪಕ್ಕಿಂತ ಮೇಲು. ಇಡೀ ಪೆಟ್ಟಿಗೆಯ ಬಣ್ಣವೇ ಎದ್ದುಹೋಗಿದ್ದು ಬೇರೆ ಗತಿಯಿಲ್ಲವಾದರೆ, ಆಗ ಅಸ್ತರು ಕೊಟ್ಟು ಪೂರ್ತಿ ಬಳಿದು, ತೆಗೆದಿಟ್ಟ ನಕಲಿನಿಂದ ಅಚ್ಚುಹಾಳೆ ಕತ್ತರಿಸಿ ಹಳೆಯ ಅಂಕಿಗಳನ್ನೇ ಮೂಡಿಸಬೇಕು.

ಒಣಗಿಸುವುದು ನೆರಳಿನಲ್ಲಿ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲದಲ್ಲಿ 2018ರಿಂದ ಕರೆಂಟು ಹುಟ್ಟಿಸುತ್ತಿರುವುದು ನಮ್ಮ ಈ ಬಿಸಿಲೇ; ಅದಕ್ಕೆ ಹಸಿ ಬಣ್ಣವನ್ನು ಒಡ್ಡಿದರೆ ಗುಳ್ಳೆ ಏಳದೆ ಇರುತ್ತದೆಯೆ? ಆಷಾಢದ ಗಾಳಿಯಲ್ಲಿ ಧೂಳು, ಮಳೆಯ ದಿನಗಳಲ್ಲಿ ತೇವ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವೇ ಈ ಕೆಲಸಕ್ಕೆ ಪ್ರಶಸ್ತ.

ಆರನೆಯದು ಹೊಳಪು. ಅರಗಿಗೆ ಅಮರಸಿಂಹನು ಹೇಳುವ ಹೆಸರುಗಳಲ್ಲಿ ‘ದ್ರುಮಾಮಯ’ವೆಂಬುದೊಂದು, ಮರದ ರೋಗವೆಂದು ಅರ್ಥ. ಕೊಂಬೆಗೆ ಮುತ್ತುವ ಸಣ್ಣ ಕೀಟದಿಂದ ಹುಟ್ಟಿದ ಆ ರೋಗವೇ ಮರದ ಸಾಮಾನಿಗೆ ಆರೋಗ್ಯವಾದುದು ವಿಚಿತ್ರವಲ್ಲವೆ? ಚನ್ನಪಟ್ಟಣದ ಕುಶಲರು ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವ ಕಾವಿನಿಂದಲೇ ಅದನ್ನು ಕರಗಿಸಿ ಹಚ್ಚುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ, 1962ರಿಂದ ಮತದಾರರ ಬೆರಳಿನ ಶಾಯಿಗೆ ಹೆಸರಾದ ಕಾರ್ಖಾನೆಯು ಮೊದಲಿಗೆ ಅರಗಿನ ಮತ್ತು ಬಣ್ಣದ ಕಾರ್ಖಾನೆಯೇ. ಚಪ್ಪಟೆಯಾದ ಹಲಗೆಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಬೇಕು. ಒಂದು ಲೀಟರ್ ಸ್ಪಿರಿಟ್ಟಿಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆಯನ್ನು ಹಾಕಿ ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹತ್ತಿಯ ಉಂಡೆಯನ್ನು ಮೆತು ಬಟ್ಟೆಯಲ್ಲಿ ಕಟ್ಟಿ ಅದ್ದಿ, ಮರದ ಎಳೆಯ ಜಾಡಿನಲ್ಲಿ ಬೇಗ ಬೇಗನೆ ಎಳೆಯಬೇಕು. ಹವೆಯಲ್ಲಿ ತೇವವಿದ್ದರೆ ಲೇಪವು ಬೂದಿ ಕಟ್ಟಿದಂತೆ ಬೆಳ್ಳಗಾಗುವುದು. ಪಾಂಡವರ ಅರಗಿನ ಮನೆಯ ಕಥೆಯನ್ನು ಬಲ್ಲವರಿಗೆ ಒಲೆ, ದೀಪ, ಬೀಡಿಗಳನ್ನು ದೂರವಿಡಿರೆಂದು ಬೇರೆ ಹೇಳಬೇಕಾಗಿಲ್ಲ. ಸ್ಪಿರಿಟ್ ಅಂತೂ ಅರಗಿಗಿಂತ ಬೇಗ ಹೊತ್ತಿಕೊಳ್ಳುವಂಥದು, ಕುಡಿದರೆ ವಿಷ.

ಕೊನೆಗೆ ಜೇನುಮೇಣದ ತೆಳುವಾದ ಒಂದು ಲೇಪ. ಹೆಸರಿನಲ್ಲಿಯೇ ಜೇನನ್ನಿಟ್ಟುಕೊಂಡಿರುವ ಮಧುಗಿರಿಯವರಿಗೆ ಇದನ್ನು ಹೊಗಳಿ ಹೇಳಬೇಕೆ? ಮೇಣ ತಿಕ್ಕಿದ ಹಲಗೆಯ ಮೇಲೆ ಗೋಲಿಯು ಸದ್ದಿಲ್ಲದೆ ಜಾರುವುದು. ಬಣ್ಣವೂ ಗೋಲಿಯ ಉಜ್ಜಿಗೆ ಸವೆಯದು. ಹೀಗೆ ಮುಚ್ಚಿದ ಮೇಲೂ ಅಡಿಯಲ್ಲಿರುವ ಹಳೆಯ ಬಣ್ಣವು ಹಳೆಯ ಬಣ್ಣವೇ ಎಂಬುದನ್ನು ಮರೆಯಬಾರದು. ಬಾಯಿಗೆ ಇಡುವ ವಯಸ್ಸಿನ ಮಕ್ಕಳ ಕೈಗೆ ಕೊಡದೆ, ದೊಡ್ಡ ಮಕ್ಕಳು ಆಡಿ ಕೈ ತೊಳೆಯುವಂತೆ ಅಭ್ಯಾಸ ಮಾಡಿಸಬೇಕು. ಚಕ್ಕೆ ಏಳುತ್ತಿರುವ ಹಲಗೆಯಾದರೆ ಅದನ್ನು ಆಟಕ್ಕೆ ಕೊಡದೆ ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕುವುದೇ ಸರಿ. ನಮ್ಮ ಮೊಮ್ಮಗಳಿಗೆ ಇನ್ನೆರಡು ವರ್ಷ ಕಾಯಬೇಕೆಂದು ಹೇಳಿ, ಅಲ್ಲಿಯವರೆಗೆ ಚನ್ನಪಟ್ಟಣದ ಬುಗುರಿಯನ್ನು ಕೊಟ್ಟಿದ್ದೇವೆ.

ಖರ್ಚಿನ ಮಾತನ್ನೂ ಹೇಳಿಬಿಡುತ್ತೇನೆ. ಹೊಸ ಎನಾಮಲ್ಲಿನ ದಾರಿಯಲ್ಲಿ ಹಣ ಹೆಚ್ಚು, ಸಮಯ ಕಡಮೆ. ಈ ದಾರಿಯಲ್ಲಿ ಹಣ ಕಡಮೆ, ಸಮಯ ಹೆಚ್ಚು. ನಿವೃತ್ತರಿಗೂ ರಜೆಯಲ್ಲಿರುವ ಹುಡುಗರಿಗೂ ಸಮಯವೇ ಐಶ್ವರ್ಯ. ಈ ದೀಪಾವಳಿಗೆ ಅಟ್ಟವನ್ನು ಶುದ್ಧಿ ಮಾಡುವಾಗ ಕಪ್ಪಾದ ಹಲಗೆಯೊಂದು ಕೈಗೆ ಸಿಕ್ಕರೆ, ವಾಚಕರು ಬಣ್ಣದ ಅಂಗಡಿಗೆ ಹೋಗುವ ಮೊದಲು ಅದನ್ನು ಒಮ್ಮೆ ಮಗುಚಿ ಹಿಂಭಾಗವನ್ನು ನೋಡಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.